‘ಡ್ರೈ’ ಅಂದ್ರೆ ಬಾಯಿ ಒಣಗೋದಾ? ವೈನ್ ರುಚಿಯ ಪದಗಳನ್ನ ಕನ್ನಡದಲ್ಲಿ ಹೇಗೆ ಹೇಳ್ತೀರಿ?

ಗಾಜಿನಬಟ್ಟಲು
ವೈನ್ ಬಗ್ಗೆ ಕನ್ನಡದಲ್ಲಿ ಬರೆದದ್ದನ್ನ ಓದುವಾಗೆಲ್ಲ ಒಂದೇ ಕಡೆ ತಲೆ ಕೆಡುತ್ತೆ. ಒಬ್ಬರು ‘ಡ್ರೈ ವೈನ್’ ಅನ್ನೋದನ್ನ ‘ಒಣ ವೈನ್’ ಅಂತ ಬರೀತಾರೆ, ಇನ್ನೊಬ್ಬರು ‘ಬಾಯಿ ಒಣಗಿಸುವ ವೈನ್’ ಅಂತಾರೆ, ಮತ್ತೊಬ್ಬರು ‘ಸಿಹಿಯಿಲ್ಲದ್ದು’ ಅಂತಾರೆ. ಮೂರೂ ಒಂದೇನಾ? ಬಾಟಲಿ ಹಿಂದಿನ ಚೀಟಿಯಲ್ಲಿ ‘ಡ್ರೈ, ಮೀಡಿಯಂ ಬಾಡಿ, ಫರ್ಮ್ ಟ್ಯಾನಿನ್, ಕ್ರಿಸ್ಪ್ ಆಸಿಡಿಟಿ, ಪೆಪ್ಪರ್, ಮಿನರಲ್’ ಅಂತ ಸಾಲಾಗಿ ಇರುತ್ತೆ. ಇದರಲ್ಲಿ ನಾಲಿಗೆಗೆ ಸಿಗೋದು ಯಾವುದು, ಮೂಗಿಗೆ ಸಿಗೋದು ಯಾವುದು, ಬರೀ ಅಲಂಕಾರ ಯಾವುದು? ಇನ್ನೊಂದು ಪ್ರಶ್ನೆ: ಶಿರಾಜ್, ಸಿರಾ, ಪೆಟೀಟ್ ಸಿರಾ ಮೂರೂ ಒಂದೇ ದ್ರಾಕ್ಷಿನಾ? ಗೊತ್ತಿರೋರು ಬಿಡಿಸಿ ಹೇಳಿ.

ಗಸಿಮಡ್ಡಿ
ಡ್ರೈ ಅಂದ್ರೆ ಸಕ್ಕರೆ ಇಲ್ಲ. ಅಷ್ಟೇ. ಬಾಯಿ ಒಣಗೋದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಓಕ್‌ಪೀಪಾಯಿ
ಗಸಿಮಡ್ಡಿ ಹೇಳಿದ್ದು ಸರಿ, ಲೆಕ್ಕ ಸೇರಿಸ್ತೀನಿ. ಯೀಸ್ಟು ದ್ರಾಕ್ಷಿರಸದ ಸಕ್ಕರೆಯನ್ನ ತಿಂದು ಆಲ್ಕೋಹಾಲ್ ಮಾಡುತ್ತೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಖರ್ಚಾದ್ರೆ 1% ಆಲ್ಕೋಹಾಲ್. ರಸದಲ್ಲಿ 220 ಗ್ರಾಂ ಇದ್ದು ಪೂರ್ತಿ ಹುಳಿತರೆ 13% ಹತ್ತಿರ ಬರುತ್ತೆ, ಸಕ್ಕರೆ ಉಳಿಯೋದು ಒಂದೆರಡು ಗ್ರಾಂ. ಅದು ಡ್ರೈ. ಅದೇ ರಸವನ್ನ ನಡುವೆ ತಣ್ಣಗೆ ಮಾಡಿ, ಯೀಸ್ಟನ್ನ ಸೋಸಿ ತೆಗೆದು ನಿಲ್ಲಿಸಿದ್ರೆ ಸಕ್ಕರೆ ಉಳಿಯುತ್ತೆ, ಆಲ್ಕೋಹಾಲ್ ಕಮ್ಮಿಯಾಗುತ್ತೆ. 8–9% ಅಂತ ಬರೆದಿರೋ ರೀಸ್ಲಿಂಗ್ (ಒಂದು ಬಿಳಿ ದ್ರಾಕ್ಷಿ) ವೈನ್ ಕಂಡರೆ ಅದರಲ್ಲಿ ಸಿಹಿ ಇದೆ ಅಂತ ಚೀಟಿ ಓದೋ ಮೊದಲೇ ಊಹಿಸಬಹುದು.

ಯುರೋಪಿಯನ್ ಒಕ್ಕೂಟದ ನಿಯಮದಲ್ಲಿ ಲೀಟರಿಗೆ 4 ಗ್ರಾಂವರೆಗೆ ಡ್ರೈ. ಆದ್ರೆ ಹುಳಿ ಸಾಕಷ್ಟಿದ್ದರೆ 9 ಗ್ರಾಂವರೆಗೂ ಡ್ರೈ ಅಂತ ಬರೆಯಬಹುದು. ಷರತ್ತು ಏನಂದ್ರೆ ಆಮ್ಲದ ಪ್ರಮಾಣ ಸಕ್ಕರೆಗಿಂತ 2 ಗ್ರಾಂಗಿಂತ ಹೆಚ್ಚು ಕೆಳಗೆ ಇರಬಾರದು. 8 ಗ್ರಾಂ ಸಕ್ಕರೆ ಇದ್ರೆ ಕಡೇಪಕ್ಷ 6 ಗ್ರಾಂ ಆಮ್ಲ ಬೇಕು.

ಕಡುಕೆಂಪು
ಹಾಗಾದ್ರೆ ಶಾಂಪೇನ್ ಮೇಲೆ ‘ಎಕ್ಸ್‌ಟ್ರಾ ಡ್ರೈ’ ಅಂತ ಇದ್ರೆ ಇನ್ನೂ ಕಮ್ಮಿ ಸಕ್ಕರೆ, ಅಲ್ವಾ?

ಓಕ್‌ಪೀಪಾಯಿ
ಅಲ್ಲ, ಅಲ್ಲೇ ಎಲ್ಲರೂ ಎಡವೋದು. ನೊರೆ ವೈನಿಗೆ ಅಳತೆಪಟ್ಟಿಯೇ ಬೇರೆ. ಲೀಟರಿಗೆ 3 ಗ್ರಾಂಗಿಂತ ಕಮ್ಮಿ, ಮೇಲಿಂದ ಸಕ್ಕರೆ ಸೇರಿಸದೇ ಇದ್ದದ್ದು ಬ್ರೂಟ್ ನೇಚರ್. 6ರವರೆಗೆ ಎಕ್ಸ್‌ಟ್ರಾ ಬ್ರೂಟ್, 12ಕ್ಕಿಂತ ಕಮ್ಮಿ ಇದ್ರೆ ಬ್ರೂಟ್. 12ರಿಂದ 17 ಎಕ್ಸ್‌ಟ್ರಾ ಡ್ರೈ, 17ರಿಂದ 32 ಸೆಕ್, 32ರಿಂದ 50 ಡೆಮಿ ಸೆಕ್, ಅದರ ಮೇಲೆ ಡೂ. ಅಂದ್ರೆ ಎಕ್ಸ್‌ಟ್ರಾ ಡ್ರೈ ಬ್ರೂಟಿಗಿಂತ ಸಿಹಿ. ಹತ್ತೊಂಬತ್ತನೇ ಶತಮಾನದಲ್ಲಿ ಶಾಂಪೇನ್ ತುಂಬಾ ಸಿಹಿಯಾಗಿರ್ತಿತ್ತು, ಆ ಕಾಲದ ಬಾಯಿಗೆ 15 ಗ್ರಾಂ ಅನ್ನೋದು ‘ಎಕ್ಸ್‌ಟ್ರಾ ಡ್ರೈ’ಯೇ. ಸಿಹಿ ಕಮ್ಮಿಯಾಗ್ತಾ ಬಂತು, ಹೆಸರು ಹಾಗೇ ಉಳೀತು.

ಬಳ್ಳಿಮಂಟಪ
ಇದಕ್ಕೇ ಅಂಟಿಕೊಂಡ ಇನ್ನೊಂದು ತಪ್ಪು: ಜರ್ಮನ್ ಚೀಟಿಯ ಕ್ಯಾಬಿನೆಟ್, ಶ್ಪೇಟ್‌ಲೇಸೆ, ಔಸ್‌ಲೇಸೆ ಇವೆಲ್ಲ ವೈನಿನ ಸಿಹಿಯ ಅಳತೆ ಅಂದ್ಕೊಳ್ಳೋದು. ಅವು ಕೊಯ್ಲಿನ ದಿನ ಹಣ್ಣಿನ ರಸದಲ್ಲಿ ಎಷ್ಟು ಸಕ್ಕರೆ ಇತ್ತು ಅನ್ನೋದರ ದರ್ಜೆ. ಶ್ಪೇಟ್‌ಲೇಸೆ ರಸವನ್ನ ಪೂರ್ತಿ ಹುಳಿಸಿದ್ರೆ ಸಿಹಿ ಇರಲ್ಲ, ಆಗ ಪಕ್ಕದಲ್ಲಿ ‘ಟ್ರೋಕನ್’, ಅಂದ್ರೆ ಡ್ರೈ ಅಂತ ಬರೆದಿರ್ತಾರೆ. ಸಿಹಿ ಬೇಡ ಅನ್ನೋರು ನೋಡಬೇಕಾದ್ದು ಆ ಪದ.

ಪದಪ್ರೀತಿ
ಮೂಲ ಪ್ರಶ್ನೆಗೆ ಬರೋಣ. ‘ಒಣ ವೈನ್’ ಅನ್ನೋದನ್ನ ದಯವಿಟ್ಟು ಬಿಟ್ಟುಬಿಡಿ. ಕನ್ನಡದಲ್ಲಿ ಒಣ ಅಂದ್ರೆ ನೀರಿಲ್ಲದ್ದು, ಕುಡಿಯೋ ಪದಾರ್ಥಕ್ಕೆ ಅದು ಹೊಂದಲ್ಲ. ‘ಸಿಹಿಯಿಲ್ಲದ್ದು’ ಅನ್ನಿ, ಇಲ್ಲಾ ‘ಡ್ರೈ’ ಅಂತಲೇ ಬಿಡಿ.

ಬಾಯಿ ಒಣಗಿಸೋದಕ್ಕೆ ನಮ್ಮಲ್ಲಿ ಚಿನ್ನದಂಥ ಪದ ಇದೆ: ಒಗರು. ಕಾಯಿ ಬಾಳೆಹಣ್ಣು ಕಚ್ಚಿದಾಗ, ಹೆಚ್ಚು ಹೊತ್ತು ಕುದಿಸಿದ ಹಾಲಿಲ್ಲದ ಚಹಾ ಕುಡಿದಾಗ, ದಾಳಿಂಬೆ ಸಿಪ್ಪೆ ನಾಲಿಗೆಗೆ ತಾಗಿದಾಗ ಆಗೋದು ಅದೇ. ಕೆಲವು ಕಡೆ ಚೊಗರು ಅಂತಾರೆ. ಇಂಗ್ಲಿಷಿನವರ ದಿನಬಳಕೆಯ ಮಾತಲ್ಲಿ ಇದಕ್ಕೆ ಇಷ್ಟು ನೇರವಾದ ಪದ ಇಲ್ಲ, ಅದಕ್ಕೇ ಅವರು ಇದನ್ನೂ ‘ಡ್ರೈಯಿಂಗ್’ ಅಂದುಬಿಡ್ತಾರೆ. ಗೊಂದಲ ಹುಟ್ಟೋದು ಅವರ ಭಾಷೆಯಲ್ಲಿ, ಅದನ್ನ ನಾವು ಯಾಕೆ ಹೊತ್ತು ತರಬೇಕು? ‘ಸಿಹಿಯಿಲ್ಲ, ಒಗರು ಜಾಸ್ತಿ’ ಅಂದ್ರೆ ಮುಗೀತು.

ಲ್ಯಾಬ್‌ಕೋಟು
ಒಗರು ಅನ್ನೋ ಪದಕ್ಕೆ ನನ್ನ ಒಪ್ಪಿಗೆ ಇದೆ, ಆದ್ರೆ ಒಂದು ತಿದ್ದುಪಡಿ. ಒಗರು ರುಚಿ ಅಲ್ಲ, ಸ್ಪರ್ಶ. ಸಿಪ್ಪೆ, ಬೀಜ, ತೊಟ್ಟು, ಓಕ್ ಮರದಿಂದ ಬಂದ ಟ್ಯಾನಿನ್ ಜೊಲ್ಲಿನಲ್ಲಿರೋ ಪ್ರೋಟೀನುಗಳಿಗೆ ಅಂಟಿಕೊಂಡು ಅವನ್ನ ಗಟ್ಟಿ ಮಾಡುತ್ತೆ. ಬಾಯಿಗೆ ಜಾರು ಕೊಡೋ ಪದರ ಹೋಗುತ್ತೆ, ನಾಲಿಗೆ ಅಂಗುಳಕ್ಕೆ ಉಜ್ಜಿದಂತಾಗುತ್ತೆ. ಷಡ್ರಸದ ಪಟ್ಟಿಯಲ್ಲಿ ಇದೆ ಅಂದಮಾತ್ರಕ್ಕೆ ನಾಲಿಗೆಯ ರುಚಿಮೊಗ್ಗಿನ ಕೆಲಸ ಆಗಲ್ಲ.

ಪದಪ್ರೀತಿ
ಖಾರವೂ ರುಚಿಮೊಗ್ಗಿನ ಕೆಲಸ ಅಲ್ಲ, ನೋವಿನ ನರದ ಕೆಲಸ. ಆದ್ರೂ ಊಟಕ್ಕೆ ಕೂತಾಗ ‘ಖಾರದ ರುಚಿ’ ಅಂತೀವಿ. ದೇಹದೊಳಗೆ ಏನಾಗುತ್ತೆ ಅನ್ನೋದು ಒಂದು, ಬಾಯಿಗೆ ಬಂದದ್ದನ್ನ ಗುರುತಿಸಿ ಹೆಸರಿಡೋದು ಇನ್ನೊಂದು. ಹೆಸರಿಡೋ ಕೆಲಸಕ್ಕೆ ಒಗರು ಸಾಕು.

ಲ್ಯಾಬ್‌ಕೋಟು
ಹೆಸರಿಗೆ ಸಾಕು, ಗುರುತಿಸೋಕೆ ಸಾಲದು. ಸ್ಪರ್ಶ ಅಂತ ತಿಳಿದರೆ ಎಲ್ಲಿ ಹುಡುಕಬೇಕು ಅಂತ ಗೊತ್ತಾಗುತ್ತೆ: ಮೇಲಿನ ವಸಡಿನ ಮುಂಭಾಗ, ಕೆನ್ನೆಯ ಒಳಮೈ. ನುಂಗಿದ ಮೇಲೆ ನಾಲಿಗೆಯನ್ನ ಅಲ್ಲಿ ಒಮ್ಮೆ ಆಡಿಸಿ ನೋಡಿ. ಇನ್ನೊಂದು ಲಾಭ, ಒಗರು ಗುಟುಕಿನಿಂದ ಗುಟುಕಿಗೆ ಕೂಡ್ತಾ ಹೋಗುತ್ತೆ, ಸಿಹಿ ಹುಳಿ ಹಾಗೆ ಕೂಡಲ್ಲ. ಸಾಲಾಗಿ ನಾಲ್ಕು ಕೆಂಪು ವೈನ್ ರುಚಿ ನೋಡಿದ್ರೆ ನಾಲ್ಕನೇದು ಸುಮ್ಮನೆ ಒರಟು ಅನ್ನಿಸುತ್ತೆ. ನಡುವೆ ಒಂದೆರಡು ನಿಮಿಷ ಬಿಟ್ಟು, ನೀರು ಮುಕ್ಕಳಿಸಿ, ಸಪ್ಪೆ ಬ್ರೆಡ್ ಚೂರು ಅಗಿದು ಮುಂದಿನದಕ್ಕೆ ಹೋಗಬೇಕು.

ಘಮಘಮ
ಗಾಜಿನಬಟ್ಟಲು ಅವರೇ, ನಾಲಿಗೆಯದ್ದು ಯಾವುದು ಮೂಗಿನದ್ದು ಯಾವುದು ಅಂತ ಕೇಳಿದ್ರಲ್ಲ, ಅದಕ್ಕೆ ಪುಸ್ತಕ ಬೇಡ, ಎರಡು ಬೆರಳು ಸಾಕು. ಮೂಗನ್ನ ಗಟ್ಟಿಯಾಗಿ ಹಿಡಿದುಕೊಳ್ಳಿ. ಹಿಡಿದೇ 10–15 ಮಿಲಿ ಬಾಯಿಗೆ ಹಾಕಿ, ಹತ್ತು ಸೆಕೆಂಡ್ ನಾಲಿಗೆ ಮೇಲೆಲ್ಲ ಹರಡಿ. ಈಗ ಗೊತ್ತಾಗೋದು ಇಷ್ಟೇ: ಸಿಹಿ, ಹುಳಿ, ಕಹಿ, ಒಗರು, ಆಲ್ಕೋಹಾಲಿನ ಬಿಸಿ, ದಪ್ಪ ತೆಳು. ಈಗ ಮೂಗು ಬಿಟ್ಟು ಉಸಿರು ಹೊರಗೆ ಬಿಡಿ. ಒಮ್ಮೆಲೇ ನುಗ್ಗಿ ಬರುತ್ತಲ್ಲ, ಹಣ್ಣು, ಹೂವು, ಮೆಣಸು, ಹೊಗೆ, ವೆನಿಲ್ಲಾ, ಅದೆಲ್ಲ ಮೂಗಿನ ಪಾಲು. ಗಂಟಲ ಹಿಂದಿನ ದಾರಿಯಿಂದ ಮೂಗಿಗೆ ಏರಿದ್ದು. ಚೀಟಿಯ ಪ್ರತಿ ಪದವನ್ನೂ ಈ ಎರಡರಲ್ಲಿ ಒಂದು ಬುಟ್ಟಿಗೆ ಹಾಕಿ. ಯಾವ ಬುಟ್ಟಿಗೂ ಬೀಳದ ಪದ ಇದ್ದರೆ ಅದು ಅಲಂಕಾರ.

ಕಡುಕೆಂಪು
ನಾಲಿಗೆ ಮೇಲೆಲ್ಲ ಹರಡೋದು ಯಾಕೆ ಅಂದ್ರೆ ತುದಿಯಲ್ಲಿ ಸಿಹಿ, ಬದಿಯಲ್ಲಿ ಹುಳಿ, ಹಿಂದೆ ಕಹಿ ಅಂತ ಜಾಗ ಹಂಚಿರೋದಕ್ಕಾ?

ಲ್ಯಾಬ್‌ಕೋಟು
ಆ ನಕ್ಷೆ ತಪ್ಪು ಅಂತ ಎಂದೋ ತೀರ್ಮಾನ ಆಗಿದೆ. ರುಚಿಮೊಗ್ಗು ಇರೋ ಎಲ್ಲ ಕಡೆಯೂ ಎಲ್ಲ ರುಚಿಯೂ ಗೊತ್ತಾಗುತ್ತೆ. ಹರಡೋದು ಒಗರನ್ನ ಕೆನ್ನೆ ವಸಡಿಗೆ ಮುಟ್ಟಿಸೋದಕ್ಕೆ, ವೈನನ್ನ ಬೆಚ್ಚಗೆ ಮಾಡಿ ವಾಸನೆ ಎಬ್ಬಿಸೋದಕ್ಕೆ.

ಗಸಿಮಡ್ಡಿ
ಹುಳಿಗೂ ಒಗರಿಗೂ ವ್ಯತ್ಯಾಸ ಒಂದೇ ಸಾಲಲ್ಲಿ: ನುಂಗಿದ ಮೇಲೆ ಬಾಯಲ್ಲಿ ನೀರೂರಿದರೆ ಹುಳಿ, ನೀರು ಬತ್ತಿದರೆ ಒಗರು. ಎರಡೂ ಆದರೆ ಅದು ಇಟಲಿಯ ನೆಬ್ಬಿಯೋಲೊ ದ್ರಾಕ್ಷಿಯ ವೈನ್.

ಬಳ್ಳಿಮಂಟಪ
ನೆಬ್ಬಿಯೋಲೊ ಒಳ್ಳೇ ಉದಾಹರಣೆ, ಇನ್ನೊಂದು ಕಾರಣಕ್ಕೂ. ಬಣ್ಣ ನೋಡಿ ಒಗರು ಅಳೆಯೋರು ಇದ್ದಾರೆ, ಕಪ್ಪಗಿದ್ದರೆ ಒಗರು ಜಾಸ್ತಿ ಅಂತ. ನೆಬ್ಬಿಯೋಲೊ ಬಣ್ಣ ತೆಳು, ಬೇಗ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತೆ, ಒಗರು ಮಾತ್ರ ವಸಡು ಹಿಡಿದು ಎಳೆಯುತ್ತೆ. ಬಣ್ಣ ಕೊಡೋದು ಆಂಥೋಸಯನಿನ್, ಒಗರು ಕೊಡೋದು ಟ್ಯಾನಿನ್, ಎರಡೂ ಬೇರೆ. ತಾನ್ನಾ, ಕ್ಯಾಬರ್ನೆ ಸೊವಿನ್ಯಾನ್ ಒಗರಿನವು. ಪಿನೋ ನ್ವಾರ್, ಗಾಮೇ ಒಗರು ಕಮ್ಮಿ ಇರೋವು. ಬಿಳಿ ದ್ರಾಕ್ಷಿಯಲ್ಲಿ ರೀಸ್ಲಿಂಗ್, ಶೆನಾ ಬ್ಲಾಂಕ್ ಹುಳಿ ಎತ್ತರ. ಗೆವುರ್ಟ್ಸ್‌ಟ್ರಾಮಿನರ್, ವಿಯೊನ್ಯೆ ಹುಳಿ ಇಳಿಕೆ.

ಓಕ್‌ಪೀಪಾಯಿ
ಒಗರಿನ ಒಳಗೂ ಬಗೆ ಇದೆ, ಅದಕ್ಕೂ ಪದ ಬೇಕು. ಬೀಜದ ಒಗರು ಒರಟು, ಜೊತೆಗೆ ಕಹಿ ತರುತ್ತೆ. ಆಲ್ಕೋಹಾಲ್ ಏರಿದ ಹಾಗೆ ಬೀಜದ ಟ್ಯಾನಿನ್ ಹೆಚ್ಚು ಕರಗುತ್ತೆ, ಸಿಪ್ಪೆ ಬೀಜದ ಜೊತೆ ಹೆಚ್ಚು ದಿನ ಬಿಟ್ಟರೂ ಅಷ್ಟೇ, ಗಾಣ ಬಿಗಿಯಾಗಿ ಒತ್ತಿ ಬೀಜ ಒಡೆದರಂತೂ ಕೆಟ್ಟಿತು. ಸಣ್ಣ ಕಣದ ಟ್ಯಾನಿನ್ ಕಹಿಯ ಕಡೆ, ಕೂಡಿ ದೊಡ್ಡದಾದದ್ದು ಒಗರಿನ ಕಡೆ. ‘ಗ್ರೀನ್ ಟ್ಯಾನಿನ್’ ಅನ್ನೋದಕ್ಕೆ ಹಸಿ ಒಗರು, ‘ವೆಲ್ವೆಟಿ’ಗೆ ನುಣುಪು ಒಗರು, ‘ಗ್ರಿಪ್ಪಿ’ಗೆ ಹಿಡಿಯೋ ಒಗರು. ಇವನ್ನ ಬಳಸಿ, ಅನುವಾದದ ಕಸರತ್ತು ಬೇಕಿಲ್ಲ.

ಒಂದು ಎಚ್ಚರಿಕೆ. ಒಂದೇ ಕೆಂಪು ವೈನನ್ನ 8 ಡಿಗ್ರಿಯಲ್ಲೂ 17 ಡಿಗ್ರಿಯಲ್ಲೂ ಪಕ್ಕಪಕ್ಕ ಇಟ್ಟು ನೋಡಿ. ತಣ್ಣಗಿರೋದರಲ್ಲಿ ಒಗರು, ಕಹಿ ಮೊನಚು, ಹಣ್ಣಿನ ವಾಸನೆ ಸತ್ತಂತೆ. 22 ದಾಟಿದರೆ ಆಲ್ಕೋಹಾಲಿನ ಘಾಟು ಮೂಗಿಗೆ ಹೊಡೆದು ಉಳಿದದ್ದನ್ನ ಮುಚ್ಚುತ್ತೆ. ಟಿಪ್ಪಣಿಯಲ್ಲಿ ಉಷ್ಣಾಂಶ ಬರೆಯದೆ ‘ಒರಟು ಒಗರು’ ಅಂತ ತೀರ್ಪು ಕೊಡೋದು ನ್ಯಾಯ ಅಲ್ಲ.

ಘಮಘಮ
‘ಪೆಪ್ಪರ್’ ವಿಷಯ ಯಾರೂ ಮುಟ್ಟಿಲ್ಲ. ಕನ್ನಡಕ್ಕೆ ತರುವಾಗ ಅತಿ ಹೆಚ್ಚು ಕೆಡೋ ಪದ ಇದು. ಇಂಗ್ಲಿಷಿನ ಪೆಪ್ಪರ್ ಎರಡು: ಒಂದು ಕಾಳುಮೆಣಸು, ಇನ್ನೊಂದು ದೊಣ್ಣೆಮೆಣಸಿನಕಾಯಿ. ಎರಡನ್ನೂ ‘ಮೆಣಸಿನ ವಾಸನೆ’ ಅಂತ ಬರೆದರೆ ಓದೋನು ದಾರಿ ತಪ್ಪುತ್ತಾನೆ, ಯಾಕಂದ್ರೆ ಅವು ಬೇರೆ ಬೇರೆ ದ್ರಾಕ್ಷಿಯ ಗುರುತು.

ಸಿರಾದಲ್ಲಿರೋದು ಕಾಳುಮೆಣಸು. ಅದರ ಮೂಲ ರೊಟಂಡೋನ್ ಅನ್ನೋ ಸಂಯುಕ್ತ, ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಪ್ರಕಟಿಸಿದ್ದು. ನಿಜವಾದ ಕಾಳುಮೆಣಸಿನಲ್ಲೂ ಅದೇ ಇದೆ. ಕೆಂಪು ವೈನಿನಲ್ಲಿ ಲೀಟರಿಗೆ 16 ನ್ಯಾನೋಗ್ರಾಂ ಇದ್ದರೆ ಮೂಗಿಗೆ ಸಿಗುತ್ತೆ.

ಕ್ಯಾಬರ್ನೆ ಸೊವಿನ್ಯಾನ್, ಕ್ಯಾಬರ್ನೆ ಫ್ರಾಂಕ್, ಸೊವಿನ್ಯಾನ್ ಬ್ಲಾಂಕ್, ಕಾರ್ಮೆನೇರ್‌ನಲ್ಲಿ ಬರೋದು ದೊಣ್ಣೆಮೆಣಸಿನಕಾಯಿ. ಅದರ ಮೂಲ ಮೆಥಾಕ್ಸಿಪೈರಜೀನ್. ಅದೂ ನ್ಯಾನೋಗ್ರಾಂ ಲೆಕ್ಕ.

ಲ್ಯಾಬ್‌ಕೋಟು
ಘಮಘಮ ಅವರ ಮಾತಿಗೆ ಒಂದು ಸೇರಿಕೆ: ರೊಟಂಡೋನ್ ಸುಮಾರು ಐವರಲ್ಲಿ ಒಬ್ಬರಿಗೆ ಎಷ್ಟು ಹಾಕಿದರೂ ಗೊತ್ತಾಗಲ್ಲ. ಮೂಗಿನ ಗ್ರಾಹಕದ ವ್ಯತ್ಯಾಸ ಅದು, ಅಭ್ಯಾಸದ ಕೊರತೆ ಅಲ್ಲ. ಒಂದೇ ಬಾಟಲಿಯಿಂದ ಕುಡಿದ ಇಬ್ಬರಲ್ಲಿ ಒಬ್ಬರು ‘ಕಾಳುಮೆಣಸು’ ಅಂದು ಇನ್ನೊಬ್ಬರು ‘ಎಲ್ಲಿದೆ?’ ಅಂದರೆ ಇಬ್ಬರೂ ಸತ್ಯವನ್ನೇ ಹೇಳ್ತಿರಬಹುದು.

ಬಳ್ಳಿಮಂಟಪ
ಮೆಥಾಕ್ಸಿಪೈರಜೀನ್ ತೋಟದಲ್ಲೇ ತೀರ್ಮಾನ ಆಗುತ್ತೆ. ಹಣ್ಣು ಮಾಗಿದಂತೆ ಇಳಿಯುತ್ತೆ, ಗೊಂಚಲಿಗೆ ಬಿಸಿಲು ಬಿದ್ದರೆ ಕಮ್ಮಿಯಾಗುತ್ತೆ. ಅದಕ್ಕೇ ಕಾಯಿ ಕಟ್ಟಿದ ಹೊಸತರಲ್ಲೇ ಗೊಂಚಲ ಸುತ್ತಲ ಎಲೆ ತೆಗೀತಾರೆ. ತಡವಾಗಿ ತೆಗೆದರೆ ಪ್ರಯೋಜನ ಅಷ್ಟಕ್ಕಷ್ಟೆ, ಜೊತೆಗೆ ಹಣ್ಣು ಬಿಸಿಲಿಗೆ ಸುಡುತ್ತೆ.

ಇದಕ್ಕೆ ಚಿಲಿಯ ಕಾರ್ಮೆನೇರ್ ಕಥೆ ಹೊಂದುತ್ತೆ. ಅಲ್ಲಿ ಎಷ್ಟೋ ತೋಟಗಳಲ್ಲಿ ಮೆರ್ಲೊ ಅಂತಲೇ ಬೆಳೀತಿದ್ದದ್ದು ಕಾರ್ಮೆನೇರ್ ಅಂತ 1994ರಲ್ಲಿ ಫ್ರಾನ್ಸಿನ ದ್ರಾಕ್ಷಿತಳಿ ತಜ್ಞ ಜಾನ್ ಮಿಶೆಲ್ ಬೂರ್ಸಿಕೊ ಗುರುತಿಸಿದರು. ಕಾರ್ಮೆನೇರ್ ಮೆರ್ಲೊಗಿಂತ ಮೂರ್ನಾಲ್ಕು ವಾರ ತಡವಾಗಿ ಮಾಗುತ್ತೆ. ಎರಡನ್ನೂ ಒಂದೇ ದಿನ ಕೊಯ್ದರೆ ಒಂದು ಹಣ್ಣು, ಇನ್ನೊಂದು ಕಾಯಿ. ವೈನಿನಲ್ಲಿ ಕನರು ಬರೋದು ಅಲ್ಲಿಂದ. ತಳಿಯ ಹೆಸರು ಸರಿಯಾದ ಮೇಲೆ ಕೊಯ್ಲಿನ ದಿನವೂ ಸರಿಯಾಯ್ತು.

ಪದಪ್ರೀತಿ
ಕನರು! ಎಷ್ಟು ದಿನ ಆಗಿತ್ತು ಈ ಪದ ಕೇಳಿ. ಬಲಿಯದ ಕಾಯಿ, ಹಸಿ ಎಲೆಯ ವಾಸನೆಗೆ ಇದಕ್ಕಿಂತ ಒಳ್ಳೆಯದು ಸಿಗಲ್ಲ.

ಗಾಜಿನಬಟ್ಟಲು
ಮೂಗು ಹಿಡಿಯೋ ಉಪಾಯ ಎಲ್ಲರಿಗಿಂತ ಹೆಚ್ಚು ಕೆಲಸಕ್ಕೆ ಬಂತು. ಶಿರಾಜ್ ಪ್ರಶ್ನೆ ಇನ್ನೂ ಬಾಕಿ ಇದೆ.

ಬಳ್ಳಿಮಂಟಪ
ಸಿರಾ, ಶಿರಾಜ್ ಒಂದೇ. ಫ್ರಾನ್ಸಿನಲ್ಲಿ ಸಿರಾ, ಆಸ್ಟ್ರೇಲಿಯಾದಲ್ಲಿ ಶಿರಾಜ್. ಇರಾನಿನ ಶಿರಾಜ್ ಊರಿಂದ ಬಂದದ್ದು ಅನ್ನೋ ಕಥೆ 1998ರ ಡಿಎನ್‌ಎ ಪರೀಕ್ಷೆಯಲ್ಲಿ ಬಿದ್ದುಹೋಯ್ತು. ಅದರ ಅಪ್ಪ ಅಮ್ಮ ಡ್ಯುರೇಜಾ ಮತ್ತು ಮೊಂಡ್ಯೂಸ್ ಬ್ಲಾಂಶ್, ಎರಡೂ ಆಗ್ನೇಯ ಫ್ರಾನ್ಸಿನವು. ಪೆಟೀಟ್ ಸಿರಾ ಬೇರೆ ದ್ರಾಕ್ಷಿ, ಅದರ ನಿಜ ಹೆಸರು ಡ್ಯುರಿಫ್, ಸಿರಾ ಮತ್ತು ಪೆಲೂರ್ಸ್ಯಾಂ ತಳಿಗಳ ಮಗು. ಕಡುಬಣ್ಣ, ಭಾರೀ ಒಗರು.

ಹೆಸರಿನ ಗೊಂದಲ ಇಷ್ಟಕ್ಕೇ ನಿಲ್ಲಲ್ಲ. ಗ್ರೆನಾಶ್, ಗಾರ್ನಾಚಾ, ಸಾರ್ಡೀನಿಯಾದ ಕನ್ನೊನಾವು ಒಂದೇ. ಮೂರ್ವೆದ್ರ್, ಮೊನಾಸ್ಟ್ರೆಲ್, ಮಟಾರೊ ಒಂದೇ. ಟೆಂಪ್ರನಿಯೊಗೆ ಪೋರ್ಚುಗಲ್‌ನಲ್ಲೇ ಎರಡು ಹೆಸರು, ಟಿಂಟಾ ರೊರಿಜ್ ಮತ್ತು ಅರಗೊನೆಜ್. ಜಿನ್‌ಫಂಡೆಲ್, ಇಟಲಿಯ ಪ್ರಿಮಿಟಿವೊ, ಕ್ರೊಯೇಷಿಯಾದ ಟ್ರಿಬಿಡ್ರಾಗ್ ಒಂದೇ. ಪಿನೋ ಗ್ರಿ ಮತ್ತು ಪಿನೋ ಗ್ರಿಜಿಯೊ ಒಂದೇ ದ್ರಾಕ್ಷಿ, ಶೈಲಿ ಮಾತ್ರ ಬೇರೆ: ಅಲ್ಸೇಸ್‌ನದ್ದು ದಪ್ಪ, ಇಟಲಿಯದ್ದು ತೆಳು.

ಕಡುಕೆಂಪು
ಮೊಂಟೆಪುಲ್ಚಿಯಾನೊ ಬಿಟ್ಟಿರಿ. ಮೊಂಟೆಪುಲ್ಚಿಯಾನೊ ದಬ್ರುಟ್ಸೊದಲ್ಲಿ ಅದು ದ್ರಾಕ್ಷಿಯ ಹೆಸರು. ವೀನೊ ನೋಬಿಲೆ ದಿ ಮೊಂಟೆಪುಲ್ಚಿಯಾನೊದಲ್ಲಿ ಅದು ಟಸ್ಕನಿಯ ಊರು, ಒಳಗಿರೋ ಮುಖ್ಯ ದ್ರಾಕ್ಷಿ ಸಾಂಜೊವೇಸೆ.

ಓಕ್‌ಪೀಪಾಯಿ
ಕ್ಯಾಬರ್ನೆ ಸೊವಿನ್ಯಾನ್ ಹುಟ್ಟಿದ್ದು ಕ್ಯಾಬರ್ನೆ ಫ್ರಾಂಕ್ ಮತ್ತು ಸೊವಿನ್ಯಾನ್ ಬ್ಲಾಂಕ್ ಕೂಡಿ, ಅದನ್ನ 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದಲ್ಲಿ ಡಿಎನ್‌ಎ ಮೂಲಕ ಖಚಿತ ಮಾಡಿದರು. ಮೂರರಲ್ಲೂ ದೊಣ್ಣೆಮೆಣಸಿನಕಾಯಿ ಯಾಕೆ ಅಂತ ಈಗ ಗೊತ್ತಾಯ್ತಲ್ಲ, ಮನೆತನದ ಗುಣ.

ಗಸಿಮಡ್ಡಿ
ಯಾರಾದರೂ ‘ಮಿನರಲ್’ ಬಗ್ಗೆ ಹೇಳಿ. ಸುಣ್ಣಕಲ್ಲಿನ ನೆಲದಲ್ಲಿ ಬೆಳೆದ ಶಾಬ್ಲಿಯಲ್ಲಿ (ಫ್ರಾನ್ಸಿನ ಬಿಳಿ ವೈನ್) ಸುಣ್ಣಕಲ್ಲಿನ ರುಚಿ ಸಿಗುತ್ತೆ ಅನ್ನೋದು ನನ್ನ ನಂಬಿಕೆ.

ಲ್ಯಾಬ್‌ಕೋಟು
ಕಲ್ಲಿಗೆ ರುಚಿಯೂ ಇಲ್ಲ, ವಾಸನೆಯೂ ಇಲ್ಲ. ಬೇರು ಹೀರೋದು ನೀರಲ್ಲಿ ಕರಗಿದ ಪೊಟ್ಯಾಸಿಯಂ, ಕ್ಯಾಲ್ಸಿಯಂನಂಥ ಅಯಾನುಗಳನ್ನ. ಮಳೆ ಬಿದ್ದಾಗ ಕಲ್ಲಿನಿಂದ ಏಳೋ ವಾಸನೆಯೂ ಅದರ ಮೇಲೆ ಕೂತ ಸಾವಯವ ಪದಾರ್ಥದ್ದು. ನೆಲದ ಪರಿಣಾಮ ಇಲ್ಲ ಅಂತಲ್ಲ. ನೀರು ಬಸಿಯೋದು, ಬೇರಿನ ಆಳ, ಬಿಸಿ ಹಿಡಿಯೋದು, ಇವೆಲ್ಲ ಹಣ್ಣು ಮಾಗೋ ರೀತಿಯನ್ನ ಬದಲಿಸುತ್ತೆ. ಆದ್ರೆ ಬಂಡೆಯ ರುಚಿ ನೇರವಾಗಿ ಬಟ್ಟಲಿಗೆ ಬರಲ್ಲ.

ಗಸಿಮಡ್ಡಿ
ಹಾಗಿದ್ರೆ ಇಷ್ಟು ಜನ ಒಂದೇ ವೈನಿಗೆ ಅದೇ ಪದ ಯಾಕೆ ಹೇಳ್ತಾರೆ? ಏನೋ ಒಂದು ಇದ್ದೇ ಇರಬೇಕಲ್ಲ.

ಘಮಘಮ
ಇದೆ. ಹುಳಿ ಎತ್ತರ, ಹಣ್ಣಿನ ವಾಸನೆ ಕಮ್ಮಿ, ಜೊತೆಗೆ ಗಂಧಕದ ಸಂಯುಕ್ತಗಳು ತುಸು. ಕಲ್ಲಿಗೆ ಕಲ್ಲು ಉಜ್ಜಿದಾಗಿನ, ಬೆಂಕಿಕಡ್ಡಿ ಗೀರಿದಾಗಿನ ವಾಸನೆ ಬರೋದು ಅವುಗಳಿಂದ. ಅದನ್ನೇ ಜನ ಮಿನರಲ್ ಅಂತಾರೆ. ಪದ ಬೇಡ ಅನ್ನಲ್ಲ, ಆದ್ರೆ ಬರೆಯೋನು ಬಿಡಿಸಿ ಬರೀಲಿ: ‘ಹುಳಿ ಚುರುಕು, ಹಣ್ಣು ಕಮ್ಮಿ, ಗೀರಿದ ಬೆಂಕಿಕಡ್ಡಿ’. ಓದೋನಿಗೆ ಹುಡುಕೋಕೆ ಮೂರು ವಸ್ತು ಸಿಗುತ್ತೆ.

ಕಡುಕೆಂಪು
ಬಟ್ಟಲಿನ ಒಳಗೋಡೆ ಮೇಲೆ ಇಳಿಯೋ ‘ಕಾಲು’ ನೋಡಿ ಗುಣಮಟ್ಟ ಹೇಳ್ತಾರಲ್ಲ?

ಲ್ಯಾಬ್‌ಕೋಟು
ಗುಣಮಟ್ಟ ಹೇಳಕ್ಕಾಗಲ್ಲ. ಗೋಡೆಯ ತೆಳುಪದರದಿಂದ ಆಲ್ಕೋಹಾಲ್ ಬೇಗ ಆವಿಯಾಗಿ ಅಲ್ಲಿ ಮೇಲ್ಮೈ ಎಳೆತ ಹೆಚ್ಚುತ್ತೆ, ಕೆಳಗಿನ ದ್ರವವನ್ನ ಮೇಲಕ್ಕೆ ಎಳೆಯುತ್ತೆ, ಭಾರ ಆದಾಗ ಹನಿಯಾಗಿ ಇಳಿಯುತ್ತೆ. ಮಾರಂಗೋನಿ ಪರಿಣಾಮ ಅಂತ ಹೆಸರು, ವಿವರಣೆ 1855ರಷ್ಟು ಹಳೇದು. ಬಟ್ಟಲಿನ ಬಾಯಿ ಮುಚ್ಚಿದರೆ ಆವಿಯಾಗೋದು ನಿಂತು ಕಾಲು ಇಳಿಯೋದೂ ನಿಲ್ಲುತ್ತೆ, ನೋಡಿ ಬೇಕಾದ್ರೆ. ಬಟ್ಟಲಲ್ಲಿ ಸೋಪು ಉಳಿದಿದ್ದರೆ ಕಾಲು ಕಟ್ಟೋದೂ ಕೆಡುತ್ತೆ, ವಾಸನೆಯೂ ಕೆಡುತ್ತೆ.

ಕಣ್ಣನ್ನ ಹೆಚ್ಚು ನಂಬಬೇಡಿ. 2001ರಲ್ಲಿ ಪ್ರಕಟವಾದ ಬೋರ್ಡೊ ಪ್ರಯೋಗದಲ್ಲಿ ವೈನ್ ಶಾಸ್ತ್ರದ 54 ವಿದ್ಯಾರ್ಥಿಗಳಿಗೆ ಬಿಳಿ ವೈನನ್ನ ವಾಸನೆಯಿಲ್ಲದ ಕೆಂಪು ಬಣ್ಣ ಹಾಕಿ ಕೊಟ್ಟರು. ಅವರು ಅದರ ವಾಸನೆಯನ್ನ ಕೆಂಪು ವೈನಿನ ಪದಗಳಲ್ಲಿ ವರ್ಣಿಸಿದರು.

ಪದಪ್ರೀತಿ
ಕೆಟ್ಟ ವಾಸನೆಗಳ ಪದ ಕೂಡ ಸೇರಿಸೋಣ. ಮುಗ್ಗಲು, ಕಮಟು, ಘಾಟು, ಹಳಸಲು, ಸೀದದ್ದು, ನಮ್ಮಲ್ಲಿ ಕೊರತೆಯೇ ಇಲ್ಲ. ಯಾವುದು ಯಾವ ದೋಷಕ್ಕೆ ಹೊಂದುತ್ತೆ ಅಂತ ಓಕ್‌ಪೀಪಾಯಿ ಹೇಳಬೇಕು.

ಓಕ್‌ಪೀಪಾಯಿ
ಮುಗ್ಗಲು ಅಂದ್ರೆ ಕಾರ್ಕ್ ದೋಷ, ಟಿಸಿಎ ಅನ್ನೋ ಸಂಯುಕ್ತದ್ದು. ನೆನೆದ ರಟ್ಟು, ಮುಚ್ಚಿಟ್ಟ ನೆಲಮಾಳಿಗೆ. 1982ರಲ್ಲಿ ವೈನಿನಲ್ಲಿ ಗುರುತಿಸಿದ್ದು. ಲೀಟರಿಗೆ 2ರಿಂದ 5 ನ್ಯಾನೋಗ್ರಾಂ ಸಾಕು. ಕಷ್ಟ ಏನಂದ್ರೆ ಅದಕ್ಕೂ ಕಮ್ಮಿ ಇದ್ದಾಗ ಮುಗ್ಗಲು ಗೊತ್ತಾಗಲ್ಲ, ಹಣ್ಣಿನ ವಾಸನೆ ಮಾತ್ರ ಅಡಗಿಹೋಗುತ್ತೆ, ಕುಡಿಯೋನು ‘ಸಪ್ಪೆ ವೈನ್’ ಅಂತ ಬೈತಾನೆ. ಮೊದಲ ಉಸಿರನ್ನೇ ನಂಬಿ, ಮೂಗು ಕೆಲವೇ ಸೆಕೆಂಡಿನಲ್ಲಿ ಅದಕ್ಕೆ ಒಗ್ಗಿಹೋಗುತ್ತೆ. ಗಾಳಿಗೆ ಬಿಟ್ಟರೆ ಸರಿಹೋಗಲ್ಲ. ಬಟ್ಟಲಲ್ಲಿ ಕಾರ್ಕಿನ ಚೂರು ತೇಲೋದಕ್ಕೂ ಈ ದೋಷಕ್ಕೂ ಸಂಬಂಧ ಇಲ್ಲ, ಅದನ್ನ ಸೋಸಿ ಕುಡಿಯಿರಿ.

ಕೊಳೆತ ಮೊಟ್ಟೆ ವಾಸನೆ ಹೈಡ್ರೋಜನ್ ಸಲ್ಫೈಡ್. ಒಂದು ಬಟ್ಟಲಿಗೆ ಚೆನ್ನಾಗಿ ತೊಳೆದ ತಾಮ್ರದ ಚೂರು ಹಾಕಿ ಅರ್ಧ ನಿಮಿಷ ಆಡಿಸಿ, ಪಕ್ಕದಲ್ಲಿ ಹಾಕದ ಬಟ್ಟಲು ಇಟ್ಟುಕೊಂಡು ಹೋಲಿಸಿ. ವಾಸನೆ ಹೋದರೆ ಸಲ್ಫೈಡೇ. ಪರೀಕ್ಷೆಗೆ ಇಟ್ಟದ್ದನ್ನ ಚೆಲ್ಲಿ.

ಘಾಟು ಎರಡು ಬಗೆ. ಉಗುರುಬಣ್ಣ ಅಳಿಸೋ ದ್ರವದಂತೆ ಇದ್ದರೆ ಈಥೈಲ್ ಅಸಿಟೇಟ್, ಬ್ಯಾಕ್ಟೀರಿಯಾ ಕೆಲಸ. ಗೀರಿದ ಬೆಂಕಿಕಡ್ಡಿಯಂತೆ ಮೂಗು ಚುಚ್ಚಿದರೆ ಸಲ್ಫರ್ ಡೈಆಕ್ಸೈಡ್, ಸ್ವಲ್ಪ ಹೊತ್ತು ಗಾಳಿಗೆ ಬಿಟ್ಟರೆ ಇಳಿಯುತ್ತೆ. ಕುದುರೆಲಾಯ, ಬೆವರಿದ ಚರ್ಮದ ಜೀನು ಅನ್ನಿಸಿದರೆ ಬ್ರೆಟ್ ಅನ್ನೋ ಯೀಸ್ಟು. ಜಜ್ಜಿ ಕಂದಿದ ಸೇಬಿನ ವಾಸನೆ ಗಾಳಿ ತಾಕಿ ಕೆಟ್ಟದ್ದಕ್ಕೆ. ಶೆರಿ ಅನ್ನೋ ಸ್ಪೇನಿನ ವೈನಿನಲ್ಲಾದರೆ ಅದೇ ಬೇಕಾದ ಗುಣ. ತಳದ ಹರಳು ಗಾಜಲ್ಲ, ಟಾರ್ಟಾರಿಕ್ ಆಮ್ಲದ ಲವಣ, ತಣ್ಣಗೆ ಇಟ್ಟಾಗ ಕೂತದ್ದು.

ಗಾಜಿನಬಟ್ಟಲು
ಬ್ಲ್ಯಾಕ್‌ಕರಂಟ್ ಮೂಸೇ ನೋಡದವರು ‘ಬ್ಲ್ಯಾಕ್‌ಕರಂಟ್’ ಅಂತ ಬರೆಯೋದು ಹೇಗೆ?

ಘಮಘಮ
ಬರೆಯಬೇಡಿ. ಡೇವಿಸ್‌ನಲ್ಲಿದ್ದ ಆನ್ ನೋಬಲ್ 1984ರಲ್ಲಿ ಪ್ರಕಟಿಸಿದ ಪರಿಮಳ ಚಕ್ರ ಇರೋದೇ ಇದಕ್ಕೆ. ಒಳಸುತ್ತಲ್ಲಿ ‘ಹಣ್ಣು’, ನಡುಸುತ್ತಲ್ಲಿ ‘ಬೆರ್ರಿ’, ಹೊರಸುತ್ತಲ್ಲಿ ನಿರ್ದಿಷ್ಟ ಹಣ್ಣು. ಖಾತ್ರಿ ಇರೋ ಸುತ್ತಲ್ಲಿ ನಿಲ್ಲಿ. ‘ಮಾಗಿದ ಕಪ್ಪು ಹಣ್ಣು’ ಅನ್ನೋದು ಪ್ರಾಮಾಣಿಕ ಟಿಪ್ಪಣಿ. ‘ಒಳ್ಳೇ’, ‘ಸೊಗಸಾದ’ ಅನ್ನೋ ಪದಕ್ಕೆ ಆ ಚಕ್ರದಲ್ಲಿ ಜಾಗವೇ ಇಲ್ಲ, ಮೂಸಿ ಹೋಲಿಸಬಹುದಾದದ್ದಕ್ಕೆ ಮಾತ್ರ ಜಾಗ.

ಹೋಲಿಕೆಯ ಬಟ್ಟಲನ್ನ ನೀವೇ ಮಾಡ್ಕೊಳ್ಳಿ. ವಾಸನೆ ಹೆಚ್ಚಿಲ್ಲದ ವೈನ್ 50 ಮಿಲಿ, ಅದರಲ್ಲಿ ಉಗುರಿನಷ್ಟು ದೊಣ್ಣೆಮೆಣಸಿನಕಾಯಿ ಚೂರು. ಅರ್ಧ ಗಂಟೆಗೆ ತೆಗೆದುಬಿಡಿ, ಬಿಟ್ಟರೆ ತರಕಾರಿ ವಾಸನೆಯೇ ಆಗುತ್ತೆ. ಇನ್ನೊಂದರಲ್ಲಿ ಒಂದು ಲವಂಗ, ಮತ್ತೊಂದರಲ್ಲಿ ಜಜ್ಜಿದ ಎರಡು ಕಾಳುಮೆಣಸು. ಬಟ್ಟಲಿನ ಬಾಯಿ ಮುಚ್ಚಿಡಿ, ಹೆಸರು ತಳಕ್ಕೆ ಅಂಟಿಸಿ, ಬಟ್ಟಲುಗಳನ್ನ ಅದಲುಬದಲು ಮಾಡಿ ಮೂಸಿ.

ಲ್ಯಾಬ್‌ಕೋಟು
ಬಾಯಿಗೂ ಅಂಥದ್ದೇ ಅಭ್ಯಾಸ ಇದೆ. ಒಂದು ಲೀಟರ್ ನೀರಿಗೆ 30 ಗ್ರಾಂ ಸಕ್ಕರೆ ಕರಗಿಸಿ ಎರಡು ಭಾಗ ಮಾಡಿ. ಒಂದು ಭಾಗಕ್ಕೆ, ಅಂದ್ರೆ ಅರ್ಧ ಲೀಟರಿಗೆ, 3 ಗ್ರಾಂ ಟಾರ್ಟಾರಿಕ್ ಆಮ್ಲ ಹಾಕಿ. ಎರಡರಲ್ಲೂ ಸಕ್ಕರೆ ಒಂದೇ, ಆಮ್ಲ ಹಾಕಿದ್ದರಲ್ಲಿ ಸಿಹಿ ಎಷ್ಟೋ ಕಮ್ಮಿ ಅನ್ನಿಸುತ್ತೆ. ಓಕ್‌ಪೀಪಾಯಿ ಹೇಳಿದ 9 ಗ್ರಾಂ ನಿಯಮದ ಹಿಂದಿರೋದು ಇದೇ.

ಆಲ್ಕೋಹಾಲಿನ ಬಿಸಿಗೆ: 40% ವೋಡ್ಕಾ 40 ಮಿಲಿ, ನೀರು 160 ಮಿಲಿ ಸೇರಿದರೆ 8%. ವೋಡ್ಕಾ 70, ನೀರು 130 ಆದರೆ 14%. ಎರಡನ್ನೂ ಬಾಯಲ್ಲಿ ಹಿಡಿದು ಉಗಿಯಿರಿ. ಎರಡನೇದರ ಬಿಸಿ ಗಂಟಲಿಗೆ ಇಳಿಯುತ್ತೆ, ದಪ್ಪವೂ ಅನ್ನಿಸುತ್ತೆ. ‘ಬಾಡಿ’ ಅನ್ನೋದರ ದೊಡ್ಡ ಪಾಲು ಅದೇ, ಉಳಿದದ್ದು ಸಕ್ಕರೆ ಮತ್ತು ಕರಗಿದ ಸಾರ. ಬಟ್ಟಲು ಮೇಲೆ ಕಿರಿದಾಗಿರಲಿ. ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒ 1977ರಲ್ಲಿ ನಿಗದಿ ಮಾಡಿದ ರುಚಿಬಟ್ಟಲು 215 ಮಿಲಿಯದ್ದು, ಅದಕ್ಕೆ ಹಾಕೋದು 50 ಮಿಲಿ ಮಾತ್ರ.

ಪದಪ್ರೀತಿ
‘ಬಾಡಿ’ಗೆ ‘ಮೈ’ ಅನ್ನಬೇಡಿ ದಯವಿಟ್ಟು. ತೆಳು, ಮಧ್ಯಮ, ದಪ್ಪ ಅನ್ನಿ, ಅದು ಯಾವುದರ ಮಾತು ಅಂತ ಎಲ್ಲರಿಗೂ ತಿಳಿಯುತ್ತೆ. ‘ಬ್ಯಾಲೆನ್ಸ್’ಗೆ ಹದ.

ಗಾಜಿನಬಟ್ಟಲು
ಸರಿ, ಪ್ರಯತ್ನ ಮಾಡಿದ್ದೀನಿ. ಫ್ರಾನ್ಸಿನ ಲೋಆರ್‌ನ ಕ್ಯಾಬರ್ನೆ ಫ್ರಾಂಕ್, 15 ಡಿಗ್ರಿ:

‘ತಿಳಿ ಮಾಣಿಕ್ಯ ಬಣ್ಣ. ಮೂಗಿಗೆ ಕೆಂಪು ಹಣ್ಣು, ದೊಣ್ಣೆಮೆಣಸಿನಕಾಯಿ, ಹೆರೆದ ಪೆನ್ಸಿಲ್. ಸಿಹಿಯಿಲ್ಲ. ಹುಳಿ ಚುರುಕು, ನುಂಗಿದ ಮೇಲೂ ನೀರೂರುತ್ತೆ. ಒಗರು ಮಧ್ಯಮ, ನುಣುಪು. ದಪ್ಪ ಮಧ್ಯಮ. ಗಂಟಲಲ್ಲಿ ತುಸು ಖಾರ, 13%. ಬಾಯಲ್ಲಿ ಉಳಿಯೋದು 8 ಸೆಕೆಂಡ್.’

ಘಮಘಮ
ಚೆನ್ನಾಗಿದೆ. ‘ಖಾರ’ ತೆಗೆದು ‘ಬಿಸಿ’ ಹಾಕಿ. ಖಾರ ಅಂದ್ರೆ ಓದೋನು ಕಾಳುಮೆಣಸು ಹುಡುಕ್ತಾನೆ, ಸಿರಾ ಅಂದ್ಕೋತಾನೆ.

ಓಕ್‌ಪೀಪಾಯಿ
8 ಸೆಕೆಂಡ್ ಉಳಿದದ್ದು ಏನು? ಹಣ್ಣಾ, ಒಗರಾ?

ಗಾಜಿನಬಟ್ಟಲು
ಹಣ್ಣು 5 ಸೆಕೆಂಡ್. ಆಮೇಲೆ ಒಗರು ಮಾತ್ರ.

ಓಕ್‌ಪೀಪಾಯಿ
ಹಾಗಾದ್ರೆ 5 ಅಂತ ಬರೀರಿ. ಎಣಿಸೋದು ಮೂಗಿನ ಪಾಲನ್ನ.